ಅಗಳಿ ಒಳಗಿಂದೇ ತೆಗೆಯವು

ಹೋದ ವಾರ ಮಧ್ಯಾಹ್ನ ಕೆಳಗಿನಮನೆ ಅತ್ತಿಗೆ ಮೊಬೈಲ್ ಕಿವಿಗೆ ಹಿಡ್ಕಂಡೇ ಯಮ್ಮನೆ ಜಗಲಿಗೆ ಬಂತು. "ತಂಗೀ, ಬ್ಯಾಂಕಿನವು ಹೇಳಿ ಒಬ್ಬ ಫೋನ್ ಮಾಡಿದ್ದ. ಎಂತದೋ ಆ್ಯಪ್ ಹಾಕ್ಸಿದ್ದ. ಅದ್ರಲ್ಲಿ ಕಾಂಬ ಅಂಕಿ ಓದವಡ. ಕನ್ನಡಕ ತಂದಿದ್ನಿಲ್ಲೆ, ಚೂರು ಓದಿ ಹೇಳೇ" ಹೇಳ್ಚು. ಆನು ಫೋನ್ ಕಸ್ಕಂಡು ಬಂದ್ ಮಾಡ್ದಿ. ಅತ್ತಿಗೆಗೆ ಸಿಟ್ಟೇ ಬಂತು. ಆಸರಿಗೆ ಕೊಟ್ಟು, ಕೂರ್ಸ್ಕಂಡು ಹೇಳಿದ ಕಥೆಯನ್ನೇ ಇಲ್ಲಿ ಬರೀತಾ ಇದ್ದಿ. ನಿಂಗಕ್ಕೂ ಬೇಕಾಗ್ತು.

2012ರ ಮಳೆಗಾಲ. ಇವಕ್ಕೆ ಜ್ವರ ಇಳಿಯದಿಲ್ಲೆ ಹೇಳಿ ಭಾವ ಹುಬ್ಬಳ್ಳಿ ಆಸ್ಪತ್ರೆಗೆ ಕರ್ಕಂಡು ಹೋಗಿದ್ದ. ಆಕಳು ಕರು ಹಾಕಿ ಎರಡೇ ದಿನ ಆಗಿತ್ತು, ಹಂಗಾಗಿ ಆನು ಮನೇಲೇ ಉಳ್ದಿದ್ದಿ. ಡಾಕ್ಟ್ರು ಹಳೇ ಕಾಗದ ಕೇಳಿದ್ರಡ. ಹಿಂದೆ ಒಂದ್ಸಲ ಯಾವುದೋ ಇಂಜೆಕ್ಷನ್ ಆಗದೇ ಇವಕ್ಕೆ ಮೈಯೆಲ್ಲಾ ದದ್ದು ಎದ್ದು ಉಸಿರು ಕಟ್ಟಿತ್ತು. ಅದ್ರ ಹೆಸ್ರು ಯಾರಿಗೂ ನೆನಪಿತ್ತಿಲ್ಲೆ. ಕಾಗದ ಒರಲೆ ತಿಂದಿತ್ತು. ಆದ್ರೆ ಮಾಣಿ ಮೊದಲೇ ಅದೆಲ್ಲ ಸ್ಕ್ಯಾನ್ ಮಾಡಿ ಮನೆ ಕಂಪ್ಯೂಟರಲ್ಲಿ ಇಟ್ಟಿದ್ದ. ಈಗ ಅಂವ ಬೆಂಗಳೂರಿನ ಆಫೀಸಲ್ಲಿ, ಕಂಪ್ಯೂಟರ್ ಇಡಗುಂದೀಲಿ. ಯಂಗೆ ಅದ್ರಲ್ಲಿ ಇಸ್ಪೀಟ್ ಆಡದು ಬಿಟ್ರೆ ಬೇರೆ ಎಂತದೂ ಬತ್ತಿತ್ತಿಲ್ಲೆ.

ಮಾಣಿ ಆಫೀಸಿಂದ್ಲೇ ಮನೆ ಕಂಪ್ಯೂಟರಿಗೆ ಬಪ್ಪಲೆ ನೋಡ್ದ. ಆಫೀಸಿನ ಫೈರ್‌ವಾಲ್ ಬಿಟ್ಟಿದ್ದಿಲ್ಲೆ.

ಫೈರ್‌ವಾಲ್ ಹೇಳಿರೆ ಎಂತು? ಬೇಸಿಗೇಲಿ ನಮ್ಮ ಕಾಡಲ್ಲಿ ಅರಣ್ಯ ಇಲಾಖೆಯವು ಫೈರ್ ಲೈನ್ ಮಾಡ್ತ ಅಲ್ದಾ, ಬೆಂಕಿ ಆಚೆಯಿಂದ ಈಚೆಗೆ ದಾಟ್ಲಾಗ ಹೇಳಿ? ಇದೂ ಹಂಗೇಯ. 1988ರ ನವೆಂಬರ್ 2ಕ್ಕೆ ಅಮೆರಿಕಾದಲ್ಲಿ ರಾಬರ್ಟ್ ಮಾರಿಸ್ ಹೇಳ ವಿದ್ಯಾರ್ಥಿ ಬಿಟ್ಟ ಒಂದು 'ಹುಳ' ತನ್ನಷ್ಟಕ್ಕೇ ಹರಡಿ ಸಾವಿರಾರು ಕಂಪ್ಯೂಟರನ್ನ ಸುಸ್ತು ಮಾಡಿತ್ತು. ಆಗ ಇಡೀ ಇಂಟರ್ನೆಟ್ಟಲ್ಲಿ ಇದ್ದದ್ದೇ ಸುಮಾರು 60,000 ಯಂತ್ರ. ಅದಾದ ಮೇಲೆ ಗೋಡೆ ಬೇಕು ಹೇಳಿ ಎಲ್ಲರಿಗೂ ಕಂಡ್ಚು. ಗೋಡೆಯ ನಿಯಮ ಸರಳ. ಒಳಗಿಂದ ಹೊರಗೆ ಹೋಗಿ ಕೇಳಿದ್ದಕ್ಕೆ ಉತ್ತರ ಬಪ್ಪಲೆ ಅಡ್ಡಿಲ್ಲೆ. ಹೊರಗಿಂದ ತಾನಾಗಿ ಬಂದು ಬಾಗ್ಲು ಬಡದವಕ್ಕೆ ತೆಗೆಯದಿಲ್ಲೆ. ನಮ್ಮ ಹೆಬ್ಬಾಗಿಲಿನ ಅಗಳಿ ಹಂಗೇಯ, ತೆಗೆಯವು ಅಂದ್ರೆ ಒಳಗಿದ್ದವೇ ತೆಗೆಯವು. ದೊಡ್ಡ ಆಫೀಸಲ್ಲಿ ಒಳಗಿಂದ ಹೊರಗೆ ಹೋಪಲೂ ಬಿಗಿ.

ದೂರದ ಯಂತ್ರವನ್ನ ಇಲ್ಲಿಂದ ನಡೆಸದು ನಮ್ಮ ರಾಜ್ಯಕ್ಕೆ ಹೊಸ್ತಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಉಪಗ್ರಹದ ಮೂಲಕ ಅಮೆರಿಕಾದ ಸಂಪರ್ಕ ಇಟ್ಕಂಡಿತ್ತು. ಸಾಮಾನ್ಯ ಜನಕ್ಕೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ಕ್ಕೆ, ವಿದೇಶ ಸಂಚಾರ ನಿಗಮದಿಂದ. ಅದೇ ವರ್ಷ ಫಿನ್ಲೆಂಡಿನಲ್ಲಿ, ಹೆಲ್ಸಿಂಕಿ ವಿಶ್ವವಿದ್ಯಾಲಯವೊಂದ್ರಲ್ಲಿ ಪಾಸ್‌ವರ್ಡ್ ಕದ್ದು ಕೇಳವರ ಕಾಟಕ್ಕೆ ಬೇಸತ್ತು, ತಾತು ಯುಲೋನೆನ್ ಹೇಳವ ಎಸ್‌ಎಸ್‌ಎಚ್ ಹೇಳ ಗುಟ್ಟಿನ ದಾರಿ ಮಾಡ್ದ. ದೂರದ ಯಂತ್ರದ ಜೊತೆ ಯಾರಿಗೂ ಕೇಳ್ದಂಗೆ ಮಾತಾಡಲೆ ಅದು. 1998ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರಯೋಗಾಲಯದವು ವಿಎನ್‌ಸಿ ಹೊರಗೆ ಬಿಟ್ಟ. ಅದ್ರಲ್ಲಿ ದೂರದ ಪರದೆಯೇ ನಮ್ಮೆದುರಿಗೆ ಕಾಣ್ತು.

ಆದ್ರೆ ಎರಡೂ ಕಡೆ ಅಗಳಿ ಹಾಕಿದ್ರೆ ಎಂತ ಮಾಡದು? 2005ರಲ್ಲಿ ಜರ್ಮನೀಲಿ ಶುರುವಾದ ಟೀಮ್‌ವ್ಯೂವರ್ ಮಾಡಿದ್ದು ನಂಗಳ ಹಳೇ ಉಪಾಯವನ್ನೇ. ಮುಂಚೆ ಪೇಟೆಯವು ಬಸ್ಸಿನ ಕಂಡಕ್ಟರ್ ಕೈಲಿ ಗಂಟು ಕೊಟ್ರೆ ಅಂವ ಅದನ್ನ ಹೆದ್ದಾರಿ ಬದಿಯ ಅಂಗಡೀಲಿ ಇಟ್ಟಿಕ್ಕೆ ಹೋಗ್ತಿದ್ದ, ಯಂಗ ಹೋಗಿ ತಗಂಡು ಬತ್ತಿದ್ಯ. ಯಾರೂ ಯಾರ ಮನೆಗೂ ಹೋಗದು ಬೇಡ. ಹಂಗೇ ಎರಡೂ ಕಂಪ್ಯೂಟರ್ ತಾವೇ ಹೊರಗೆ ಹೋಗಿ ಮಧ್ಯದ ಒಂದು ಯಂತ್ರದಲ್ಲಿ ಸೇರ್ತ. ಗುರುತಿಗೆ ಒಂದು ನಂಬ್ರ.

ಆಫೀಸಲ್ಲಿ ಅದನ್ನೂ ಕಟ್ಟಿಟ್ಟಿದ್ದ. ಸಹೋದ್ಯೋಗಿ ಒಬ್ಬ "ಅಡ್ಡದಾರಿ ಇದ್ದು. ಬ್ಯಾಂಕು, ಮೇಲ್ ನೋಡಲೆ 443 ನಂಬ್ರದ ಬಾಗ್ಲು ಯಾವಾಗ್ಲೂ ತೆಗ್ದೇ ಇರ್ತು, ಅದ್ರಲ್ಲಿ ನುಸ್ಯಲಾಗ್ತು" ಹೇಳಿದ್ನಡ. ಅಪ್ಪಯ್ಯನ ಜೀವದ ಪ್ರಶ್ನೆ. ಆದ್ರೂ ಮಾಣಿ ಮೇಲಿನವ್ರನ್ನ ಕೇಳ್ದ. "ಬೇಡ. ನೀ ಹೋಪಲೆ ಮಾಡಿದ ತೂತಲ್ಲಿ ಇನ್ನೊಬ್ಬ ಒಳಗೆ ಬಕ್ಕು. ಹೊರಗೆ ಹೋಗಿ ಕೆಲಸ ಮುಗಿಸ್ಕಂಡು ಬಾ" ಹೇಳಿ ಒಂದು ತಾಸು ಬಿಟ್ಟ. ಅಂವ ಎದುರಿನ ಸೈಬರ್ ಅಂಗಡಿಗೆ ಓಡ್ದ.

"ಆಯಿ, ಕಂಪ್ಯೂಟರ್ ಹಚ್ಚು. ನೀಲಿ ಚಿತ್ರ ಒತ್ತು. ಒಂಬತ್ತು ಅಂಕಿ, ಮತ್ತೆ ಕೆಳಗಿನ ನಾಕು ಅಂಕಿ ಓದು" ಹೇಳ್ದ. ಓದ್ದಿ. ಬಾಣದ ಗುರುತು ತನ್ನಷ್ಟಕ್ಕೇ ಓಡಾಡಲೆ ಹಿಡ್ಚು! ಆನು ಬೆಚ್ಚಿಬಿದ್ದಿ. "ಹೆದರಡ ಆಯಿ, ಆನೇಯ" ಹೇಳ್ದ. ಹತ್ತು ನಿಮಿಷಕ್ಕೆ ಕಾಗದ ಹುಬ್ಬಳ್ಳಿಗೆ ಮುಟ್ಚು. ಡಾಕ್ಟ್ರು ಬರೆದಿಟ್ಟ ಚೀಟೀಲಿ ಅದೇ ಇಂಜೆಕ್ಷನ್ ಇತ್ತಡ. ಹೊಡೆದು ಹಾಕಿ ಬೇರೆ ಕೊಟ್ಟ. ಇವು ಈಗ್ಲೂ ಜಗಲೀಲಿ ಕವಳ ಹಾಕ್ತಾ ಇದ್ದ.

2020ರ ಮಾರ್ಚಲ್ಲಿ ದಾರಿ ತಿರುಗುಮುರುಗಾತು. ಕೊರೋನಾ ಬಂದು, ದೂರಸಂಪರ್ಕ ಇಲಾಖೆ ನಿಯಮ ಸಡಿಲ ಮಾಡಿ, ಮಕ್ಕ ಎಲ್ಲಾ ಊರಿಗೆ ಬಂದ. ಈಗ ಮನೆಯಿಂದ ಆಫೀಸಿನ ಒಳಗೆ ಹೋಪದು. ಆಫೀಸಿನವೇ ಅಗಳಿ ತೆಗ್ದು ಕೊಟ್ಟ ದಾರಿ ಅದು, ವಿಪಿಎನ್ ಹೇಳ್ತ. ನೆಟ್‌ವರ್ಕ್ ಹುಡ್ಕಂಡು ಗುಡ್ಡ ಹತ್ತಿದ್ದು ನಿಂಗಕ್ಕೆ ನೆನಪಿಕ್ಕು.

ಕಳ್ಳರೂ ಇದೇ ಉಪಾಯ ಕಲ್ತಿದ್ದ. ಎನಿಡೆಸ್ಕ್ ಹೇಳದೂ ಇಂಥದೇ, ಒಳ್ಳೇ ಕೆಲಸಕ್ಕೆ ಮಾಡಿದ ಸಾಧನ. ಅದನ್ನ ಜನರ ಫೋನಿಗೆ ಹಾಕ್ಸಿ, ಒಂಬತ್ತು ಅಂಕಿ ಕೇಳಿ, ಖಾತೆ ಖಾಲಿ ಮಾಡ್ತ ಹೇಳಿ 2019ರ ಫೆಬ್ರವರೀಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು. ಅವು ಗೋಡೆ ಒಡೆಯದಿಲ್ಲೆ. ನಮ್ಮ ಕೈಯಿಂದ್ಲೇ ಅಗಳಿ ತೆಗೆಸ್ತ.

ಅತ್ತಿಗೆಗೆ ಕಡಿಗೆ ಹೇಳಿದ್ದು ಇಷ್ಟೇಯ. ಆನು ಅಂಕಿ ಓದಿದ್ದು ಹೆತ್ತ ಮಗಂಗೆ, ಅವನ ಧ್ವನಿ ಗುರ್ತು ಹಿಡ್ದು. ಫೋನ್ ಮಾಡಿದವ ಯಾರು ಹೇಳಿ ಗೊತ್ತಿಲ್ದೇ ಹೋದ್ರೆ ಒಂದು ಅಂಕಿಯನ್ನೂ ಓದ್ಲಾಗ. ಓದಿ ಆಗೋಗಿದ್ರೆ ನೆಟ್ ಬಂದ್ ಮಾಡಿ, ಆ್ಯಪ್ ತೆಗ್ದು, ಬ್ಯಾಂಕಿಗೂ 1930ಕ್ಕೂ ಕೂಡ್ಲೇ ಫೋನ್ ಮಾಡವು.

ಅತ್ತಿಗೆ ಎದ್ದು ಹೋಪಕಾರೆ, "ಹಂಗಾರೆ ಇದನ್ನ ತೆಗ್ದೇ ಕೊಡು" ಹೇಳಿ ಫೋನ್ ಮುಂದೆ ಇಟ್ಟು, ಆ್ಯಪ್ ಹೋಪವರೆಗೂ ಬಗ್ಗಿ ನೋಡ್ತಾ ನಿಂತಿತ್ತು.