ಸೇರದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಮಾತಿನಲ್ಲಿ ಮೆಚ್ಚದಿರುವುದನ್ನು ಹೇಳುವ ಪದ ‘ಸೇರಲ್ಲ’. ಹಳ್ಳಿಗಳ ಕಡೆ ‘ಸೇರಕಿಲ್ಲ’ ಎಂದೂ ಕೇಳುತ್ತದೆ. ಬರಹದ ರೂಪ ‘ಸೇರದು’. ‘ನಂಗೆ ಹಾಗಲಕಾಯಿ ಸೇರಲ್ಲ’, ‘ಅವರಿಗೆ ಜಾಸ್ತಿ ಮಾತು ಸೇರಲ್ಲ’, ‘ಅವನನ್ನ ಕಂಡ್ರೆ ಇವನಿಗೆ ಸೇರಲ್ಲ’ ಎಂದು ತಿನಿಸು, ನಡತೆ, ಮನುಷ್ಯರು ಎಲ್ಲಕ್ಕೂ ಇದು ಸಲ್ಲುತ್ತದೆ.

‘ಸೇರು’ ಎಂದರೆ ಮೊದಲಿಗೆ ತಲುಪು, ಕೂಡು, ಒಳಹೋಗು. ಮಗು ಶಾಲೆ ಸೇರುತ್ತದೆ, ತೋಟದ ಕಾಯಿ ಅಟ್ಟ ಸೇರುತ್ತದೆ. ಹಾಗೆಯೇ ಬಾಯಿಗಿಟ್ಟದ್ದು ಒಡಲು ಸೇರಬೇಕು. ಗಂಟಲಲ್ಲೇ ನಿಂತರೆ ಅದು ಬೇಡದ ತಿನಿಸು. ಮೆಚ್ಚುಗೆಯ ಅರ್ಥ ಈ ದಾರಿಯಲ್ಲೇ ಬಂದಿರಬೇಕು. ಜ್ವರ ಬಂದವರು ‘ಊಟ ಸೇರ್ತಾ ಇಲ್ಲ’ ಎನ್ನುವಾಗ ಒಳಹೋಗದಿರುವುದೂ ಬೇಡವೆನಿಸುವುದೂ ಒಂದೇ ಮಾತಿನಲ್ಲಿವೆ. ತಮಿಳಿನಲ್ಲೂ ಮೈಗೆ ಒಗ್ಗದ ಆಹಾರಕ್ಕೆ ‘ಸೇರಾದು’ ಎನ್ನುವುದುಂಟು. ‘ಸೇರುತ್ತೆ’ ಎಂಬ ಒಪ್ಪಿಗೆಯ ರೂಪವೂ ಬಳಕೆಯಲ್ಲಿದೆ, ಆದರೆ ಅದು ಕಿವಿಗೆ ಬೀಳುವುದು ಕಡಿಮೆ.

ಈ ಪದದ ಸೊಗಸು ಅದರ ವ್ಯಾಕರಣದಲ್ಲಿದೆ. ‘ನಾನು ಒಲ್ಲೆ’ ಎಂದಾಗ ನಿರಾಕರಿಸುವವನು ನಾನು. ‘ನನಗೆ ಸೇರದು’ ಎಂದಾಗ ವಾಕ್ಯದ ಕರ್ತೃ ಆ ವಸ್ತು. ‘ನಾನು’ ಚತುರ್ಥಿಗೆ ಸರಿದು ‘ನನಗೆ’ ಆಗುತ್ತದೆ. ಹಟವೂ ಇಲ್ಲ, ವಸ್ತುವಿನ ಮೇಲೆ ದೂರೂ ಇಲ್ಲ. ಎರಡರ ನಡುವೆ ಕೂಡಿಬರಲಿಲ್ಲ, ಅಷ್ಟೆ. ಬಡಿಸುವವರ ಮನಸ್ಸು ನೋಯದಂತೆ ‘ನಂಗೆ ಸೇರಲ್ಲ ಕಣಕ್ಕ’ ಎನ್ನಲು ಸಾಧ್ಯವಾಗುವುದು ಇದರಿಂದಲೇ. ‘ಒಲವು’ ಹುಟ್ಟಿದ ಧಾತುವಿನಿಂದಲೇ ಬಂದ ‘ಒಲ್ಲೆ’ ಉತ್ತರ ಕರ್ನಾಟಕದಲ್ಲಿ ದಿನಬಳಕೆಯ ಮಾತು. ತಿಪಟೂರು ಸೀಮೆಯಲ್ಲಿ ಅದರ ಜಾಗದಲ್ಲಿ ಹೆಚ್ಚಾಗಿ ‘ಬೇಡ’ ನಿಂತಿದೆ. ‘ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು’ ಎಂಬ ಗಾದೆ ಮಾತ್ರ ಎಲ್ಲ ಕಡೆಗೂ ಸೇರಿದ್ದು. ಮನಸ್ಸಿಲ್ಲದವನು ಇಲ್ಲದ ತಪ್ಪನ್ನು ಹೇಗೆ ಹುಡುಕುತ್ತಾನೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಇದರ ನೆರೆಯ ಪದಗಳಿಗೆ ಒಂದೊಂದಕ್ಕೂ ಅದರದೇ ಹೊಲವಿದೆ. ನಾಲಿಗೆಗೆ, ಮನಸ್ಸಿಗೆ ಹತ್ತದ್ದು ಸೇರಲ್ಲ. ಮೈಗೆ ಕೆಡುಕು ಮಾಡುವುದು ಆಗಲ್ಲ. ಹೊಸ ಊರಿನ ನೀರು, ಹವೆ ಒಗ್ಗಲ್ಲ. ನೋಡಿದ್ದು, ಓದಿದ್ದು ಹಿಡಿಸಲ್ಲ. ಎಳನೀರು ಬಲು ಸೇರುವವರಿಗೂ ನೆಗಡಿಯಲ್ಲಿ ಅದು ಆಗದಿರಬಹುದು. ನೀರು ನಿಲ್ಲುವ ನೆಲ ತೆಂಗಿಗೆ ಆಗುವುದಿಲ್ಲ. ಅಲ್ಲಿ ‘ಸೇರುವುದಿಲ್ಲ’ ಎಂದು ಯಾರೂ ಹೇಳರು.

ತೆಂಗಿನ ನಾಡಾದ ಈ ಸೀಮೆ ಇನ್ನೊಂದು ಗೆರೆಯನ್ನೂ ಸ್ಪಷ್ಟವಾಗಿ ಎಳೆದಿದೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಬಿಟ್ಟಾಗ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಕೆಟ್ಟು ವಾಸನೆ ಹಿಡಿದದ್ದು ‘ಕೌಟು’. ತಿಪಟೂರಿನ ಮಾರುಕಟ್ಟೆಯಲ್ಲಿ ಕೌಟು ಕೊಬ್ಬರಿಯನ್ನು ‘ಸೇರಲ್ಲ’ ಎಂದು ತಳ್ಳುವುದಿಲ್ಲ. ಕೌಟು ವಸ್ತುವಿನ ದೋಷ, ಯಾರು ನೋಡಿದರೂ ದೋಷವೇ. ಒಳ್ಳೆಯ ಕೊಬ್ಬರಿಯೂ ಒಬ್ಬರಿಗೆ ಸೇರದಿರಬಹುದು. ಅದರಿಂದ ಕೊಬ್ಬರಿಯ ಬೆಲೆ ಇಳಿಯದು.

ಸೇರದಿರುವಿಕೆ ಕಡುವಾದರೆ ಹೇಸಿಗೆ, ಶಾಸ್ತ್ರದ ಮಾತಿನಲ್ಲಿ ಜುಗುಪ್ಸೆ. ಬೀಭತ್ಸ ರಸಕ್ಕೆ ಇದೇ ಸ್ಥಾಯಿಭಾವ. ಈ ರಸವಿಚಾರವನ್ನು ಕನ್ನಡ ವಿದ್ಯಾರ್ಥಿಗಳಿಗೆ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ತಿಳಿಯಾಗಿ ಬಿಡಿಸಿಟ್ಟ ತೀ.ನಂ. ಶ್ರೀಕಂಠಯ್ಯ (1906–1966) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಆಡುಮಾತಿನಲ್ಲಿ ‘ಜುಗುಪ್ಸೆ’ ಎಂಬ ಪದ ‘ಜಿಗುಪ್ಸೆ’ಯಾಗಿ, ಪತ್ರಿಕೆಗಳ ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಸಿದ್ಧವಾಕ್ಯದ ಮೂಲಕ ಬದುಕು ಬೇಸತ್ತ ಸ್ಥಿತಿಗೆ ಅಂಟಿಕೊಂಡಿದೆ. ಹೊಲಸು ಕಂಡಾಗಿನ ಭಾವಕ್ಕೆ ಈಗ ‘ಅಸಹ್ಯ’ವೇ ಹೆಚ್ಚು ಬಳಕೆ.

ಇತ್ತೀಚೆಗೆ ಈ ಸೀಮೆಯ ಪಟ್ಟಣಗಳಲ್ಲೂ ‘ಇಷ್ಟ ಇಲ್ಲ’ ಎಂಬುದು ‘ಸೇರಲ್ಲ’ದ ಜಾಗಕ್ಕೆ ಬರುತ್ತಿದೆ. ಅದು ತಪ್ಪು ಕನ್ನಡವೇನಲ್ಲ, ಆದರೆ ಎಲ್ಲ ಕಡೆಯೂ ಅದು ಹೊಂದದು. ಜ್ವರ ಬಂದವರು ‘ಊಟ ಇಷ್ಟ ಆಗ್ತಿಲ್ಲ’ ಎಂದರೆ ಅಡುಗೆ ಮಾಡಿದವರ ಮೇಲೆ ದೂರು ಹೇಳಿದಂತಾಗುತ್ತದೆ.