ಗುರುತ್ವ ತರಂಗಗಳೂ ತೇಜಸ್ತರಂಗಗಳೂ

ಕೊಪ್ಪಳದ ಗವಿಮಠದ ಬಳಿಯಲ್ಲೊಂದು, ಪಾಲ್ಕಿಗುಂಡಿನ ಮೇಲೊಂದು, ಹೀಗೆ ಅಶೋಕ ಚಕ್ರವರ್ತಿಯ ಶಾಸನವು ಎರಡು ಬಂಡೆಗಳ ಮೇಲಿರುವುದು ಈ ಸೀಮೆಯ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಪಾಲ್ಕಿಗುಂಡಿನ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿರುವುದರಿಂದ ಗವಿಮಠದ ಪಾಠದ ಬಲದಿಂದಲೇ ಅವನ್ನು ಓದಬೇಕಾಗಿದೆ. ಗವಿಮಠದ ಶಾಸನವಾದರೋ ಅರಸನನ್ನು ದೇವಾನಾಂಪ್ರಿಯನೆಂದು ಕರೆಯುವುದಲ್ಲದೆ ಅವನ ಹೆಸರನ್ನು ಹೇಳುವುದಿಲ್ಲ. ಆ ಹೆಸರು ತಿಳಿದುಬಂದುದು 1915ರಲ್ಲಿ ನೆರೆಯ ಮಸ್ಕಿಯಲ್ಲಿ ದೊರೆತ ಶಾಸನದಿಂದ. ಒಂದು ಸಾಕ್ಷಿ ಹೇಳದುದನ್ನು ಇನ್ನೊಂದು ಹೇಳಿದಾಗ ಚರಿತ್ರೆಯು ತಿಳಿಯಾಗುವುದು. ಆಕಾಶದ ಚರಿತ್ರೆಯಲ್ಲಿಯೂ ಇಂತಹ ಎರಡು ಸಾಕ್ಷಿಗಳುಂಟು: ಒಂದು ಬೆಳಕು, ಇನ್ನೊಂದು ಗುರುತ್ವದ ಅಲೆ. ಇವೆರಡಕ್ಕೂ ಇರುವ ನಂಟೇನೆಂಬ ಪ್ರಶ್ನೆಗೆ ನೂರೆಪ್ಪತ್ತು ವರ್ಷಗಳನ್ನು ಮೀರಿದ ಇತಿಹಾಸವಿದೆ.

ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಡ್ಡಿದವನು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ಮೇಲೆ ಬಂದ ಈ ಮಹನೀಯನು, ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ಸಂಬಂಧವನ್ನು ತೋರಿಸಿಕೊಟ್ಟ ಬಳಿಕ, ಗುರುತ್ವಕ್ಕೂ ವಿದ್ಯುತ್ತಿಗೂ ಅಂತಹುದೇ ಸಂಬಂಧವಿರಬೇಕೆಂದು ನಂಬಿ, 1849ರಲ್ಲಿ ವಸ್ತುಗಳನ್ನು ಎತ್ತರದಿಂದ ಬೀಳಿಸಿ, ಬೀಳುವಾಗ ವಿದ್ಯುತ್ಪ್ರವಾಹ ಹುಟ್ಟುವುದೋ ಎಂದು ಪರೀಕ್ಷಿಸಿದನು. ಪ್ರವಾಹವು ಕಾಣಲಿಲ್ಲ. ಆದರೂ ತನ್ನ ನಂಬಿಕೆಯನ್ನು ಅವನು ಕೈಬಿಡಲಿಲ್ಲ.

1865ರಲ್ಲಿ ಮ್ಯಾಕ್ಸ್‌ವೆಲ್ಲನು ಬೆಳಕೆಂಬುದು ವಿದ್ಯುತ್ಕಾಂತ ತರಂಗವೇ ಎಂದು ಗಣಿತದಿಂದ ಸಾಧಿಸಿದನು. ಗುರುತ್ವಕ್ಕೂ ಅಂತಹ ಅಲೆಗಳಿರಬಹುದೆಂದು 1893ರಲ್ಲಿ ಹೆವಿಸೈಡನೂ, 1905ರಲ್ಲಿ ಫ್ರಾನ್ಸಿನ ಪೋಆಂಕಾರೆಯೂ ಸೂಚಿಸಿದರು. 1916ರಲ್ಲಿ ಐನ್‌ಸ್ಟೈನನು ತನ್ನ ಸಾಪೇಕ್ಷತಾ ಸಿದ್ಧಾಂತದಿಂದ ಅವುಗಳ ಸ್ವರೂಪವನ್ನು ನಿರೂಪಿಸಿದನು. 1936ರಲ್ಲಿ ಆತನಿಗೇ ಅವುಗಳ ಇರವಿನಲ್ಲಿ ಸಂದೇಹವುಂಟಾಗಿ, ಬಳಿಕ ಲೆಕ್ಕವನ್ನು ತಿದ್ದಿಕೊಂಡನೆಂಬುದು ಗಮನಾರ್ಹ.

ಈ ಎರಡು ಬಗೆಯ ಅಲೆಗಳಲ್ಲಿ ಸಾಮ್ಯವೂ ಉಂಟು, ಭೇದವೂ ಉಂಟು. ಎರಡೂ ತಾವು ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುತ್ತವೆ. ಸಿದ್ಧಾಂತದ ಪ್ರಕಾರ ಶೂನ್ಯದಲ್ಲಿ ಎರಡರ ವೇಗವೂ ಒಂದೇ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಆದರೆ ವಿದ್ಯುತ್ಕಾಂತ ತರಂಗವು ಆಕಾಶದೊಳಗೆ ಸಾಗುವುದು. ಗುರುತ್ವ ತರಂಗವು ಆಕಾಶದ ಅಳತೆಯನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವುದು. ಬೆಳಕನ್ನು ಧೂಳೂ ಮೋಡವೂ ತಡೆಯಬಲ್ಲವು. ಗುರುತ್ವ ತರಂಗವನ್ನು ತಡೆಯುವ ವಸ್ತುವು ಇಲ್ಲವೆಂದೇ ಹೇಳಬೇಕು. ಅದರ ಬಲವೂ ಇದರಿಂದಲೇ, ದೌರ್ಬಲ್ಯವೂ ಇದರಿಂದಲೇ: ಯಾವುದಕ್ಕೂ ತಗುಲದೆ ಹೋಗುವುದನ್ನು ಹಿಡಿಯುವ ಬಗೆ ಹೇಗೆ?

ಈ ಕಥೆಯಲ್ಲಿ ಕನ್ನಡಿಗರೊಬ್ಬರ ಹೆಸರು ಸ್ಥಿರವಾಗಿ ನಿಂತಿದೆ. ಕನ್ನಡದ ಲೇಖಕರಾದ ಸಿ. ಕೆ. ವೆಂಕಟರಾಮಯ್ಯನವರ ಪುತ್ರರಾದ ಸಿ. ವಿ. ವಿಶ್ವೇಶ್ವರ ಅವರು 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿ, ಮುಂದೆ ಅಮೆರಿಕಾದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದರು. ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರದ ಮೇಲೆ ಗುರುತ್ವ ತರಂಗವೊಂದು ಬಂದು ತಾಗಿದರೆ ಏನಾಗುವುದೆಂದು ಅವರು ಲೆಕ್ಕ ಹಾಕಿದರು. ಬಡಿದ ಗಂಟೆಯ ನಾದವು ಕ್ರಮವಾಗಿ ಅಡಗುವಂತೆ, ಕೃಷ್ಣರಂಧ್ರವೂ ತನಗೇ ವಿಶಿಷ್ಟವಾದ ಕಂಪನವನ್ನು ಹೊಮ್ಮಿಸಿ ಶಾಂತವಾಗುವುದೆಂದು 1970ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಪಡಿಸಿದರು. ನಾದದಿಂದ ಗಂಟೆಯ ಗಾತ್ರವನ್ನು ಅರಿಯುವಂತೆ ಆ ಕಂಪನದಿಂದ ರಂಧ್ರದ ತೂಕವನ್ನು ಅರಿಯಬಹುದು. ಕೃಷ್ಣರಂಧ್ರಗಳು ಇರುವುದೇ ಸಂದೇಹಾಸ್ಪದವಾಗಿದ್ದ ಕಾಲವದು.

2015ನೆಯ ಸೆಪ್ಟೆಂಬರ್ 14ರಂದು ಅಮೆರಿಕಾದ ಎರಡು ಲೈಗೋ ಯಂತ್ರಗಳು, ಒಂದಕ್ಕೊಂದು 3,000 ಕಿಲೋಮೀಟರು ದೂರದಲ್ಲಿದ್ದು, ಸೆಕೆಂಡಿನ ಸಾವಿರದಲ್ಲಿ 7 ಭಾಗದ ಅಂತರದಲ್ಲಿ ಒಂದೇ ಅಲೆಯನ್ನು ಗುರುತಿಸಿದವು. ಸೂರ್ಯನ 36ರಷ್ಟೂ 29ರಷ್ಟೂ ತೂಕದ ಎರಡು ಕೃಷ್ಣರಂಧ್ರಗಳು ಕೂಡಿಕೊಂಡು, ಸೂರ್ಯನ ಮೂರು ಪಟ್ಟು ದ್ರವ್ಯವು ಅಲೆಯಾಗಿ ಹೊಮ್ಮಿದ್ದಿತು. ಅಲೆಯ ಕೊನೆಯ ಭಾಗವು ವಿಶ್ವೇಶ್ವರರು ಹೇಳಿದ ಬಗೆಯ ಅಡಗುವ ನಾದಕ್ಕೆ ಹೊಂದಿಕೊಂಡಿತು. 2016ರ ಫೆಬ್ರವರಿಯಲ್ಲಿ ಹೊರಬಿದ್ದ ವರದಿಯು ಅವರ 1970ರ ಲೇಖನವನ್ನು ಸ್ಮರಿಸಿತು. ನಲವತ್ತಾರು ವರ್ಷಗಳ ಬಳಿಕ ಬಂದ ಈ ಮನ್ನಣೆಯನ್ನು ಅವರು ಕಣ್ಣಾರೆ ಕಂಡರು. 2017ನೆಯ ಜನವರಿ 16ರಂದು ಅವರು ತೀರಿಕೊಂಡರು.

ಅದೇ ವರ್ಷದ ಆಗಸ್ಟ್ 17ರಂದು ಹಳೆಯ ಪ್ರಶ್ನೆಗೆ ಉತ್ತರವು ಬಂದಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದ ಅಲೆಯು ಭೂಮಿಯನ್ನು ತಲಪಿತು, ಅದಾದ 1.7 ಸೆಕೆಂಡುಗಳಿಗೆ ಗಾಮಾ ಕಿರಣಗಳೂ ಬಂದವು. ಕೆಲವು ಗಂಟೆಗಳಲ್ಲಿಯೇ ದೂರದರ್ಶಕಗಳು ಆ ಸ್ಥಳವನ್ನು ಬೆಳಕಿನಿಂದ ಗುರುತಿಸಿದವು. ಗುರುತ್ವದ ಅಲೆಯು ಘಟನೆಯ ಸ್ವರೂಪವನ್ನು ಹೇಳಿತು. ಬೆಳಕು, ಮಸ್ಕಿಯ ಶಾಸನದಂತೆ, ಊರು ಹೆಸರನ್ನು ಹೇಳಿತು. 13 ಕೋಟಿ ವರ್ಷಗಳ ಪಯಣದಲ್ಲಿ ಎರಡು ಸೆಕೆಂಡಿನಷ್ಟೂ ಅಂತರ ಬೀಳಲಿಲ್ಲವೆಂದಮೇಲೆ ಎರಡರ ವೇಗವೂ ಒಂದೇ ಎಂಬುದರಲ್ಲಿ ಸಂಶಯಕ್ಕೆ ಎಡೆಯೆಲ್ಲಿ?

ಹಾಗೆಂದು ಎರಡೂ ಒಂದೇ ಎಂದು ತಿಳಿಯಲಾಗದು. ಪ್ರಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ಬೆಳಕು ಗುರುತ್ವ ತರಂಗವಾಗಿ ಮಾರ್ಪಡಬಲ್ಲುದೆಂದು ರಷ್ಯಾದ ಗೆರ್ಟ್ಸೆನ್‌ಷ್ಟೈನನು 1962ರಲ್ಲಿ ಗಣಿತದಿಂದ ತೋರಿಸಿದನು. ಅಂತಹ ಮಾರ್ಪಾಡು ಇನ್ನೂ ಪ್ರಯೋಗದಲ್ಲಿ ಕಂಡುಬಂದಿಲ್ಲ. ಫ್ಯಾರಡೆಯು ಬಯಸಿದ ಏಕತೆಯು ಇನ್ನೂ ಬಯಕೆಯಾಗಿಯೇ ಉಳಿದಿದೆ. ಸದ್ಯಕ್ಕೆ ಸಿದ್ಧವಾಗಿರುವುದು ಸಹಕಾರವೊಂದೇ: ಲೈಗೋ ಯಂತ್ರವು ಗುರುತ್ವದ ಅಲೆಯನ್ನು ಅಳೆಯುವುದು 4 ಕಿಲೋಮೀಟರು ಉದ್ದದ ಎರಡು ತೋಳುಗಳಲ್ಲಿ ಓಡಾಡುವ ಲೇಸರ್ ಬೆಳಕಿನಿಂದಲೇ.

ಅಂತಹುದೇ ಯಂತ್ರವೊಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಸ್ಥಾಪಿಸಲು ಕೇಂದ್ರ ಸರ್ಕಾರವು 2023ರಲ್ಲಿ ಮಂಜೂರಾತಿಯನ್ನಿತ್ತಿದೆ. 1956ರ ವರೆಗೆ ಹಿಂಗೋಲಿಯೂ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳೂ ಒಂದೇ ಹೈದರಾಬಾದು ಸಂಸ್ಥಾನದ ಸೀಮೆಗಳಾಗಿದ್ದುವು. ಅಲೆಯು ಬಂದ ದಿಕ್ಕನ್ನು ನಿರ್ಣಯಿಸಲು ದೂರ ದೂರದ ಯಂತ್ರಗಳು ಹೆಚ್ಚಿದಷ್ಟೂ ಒಳ್ಳೆಯದಾದ್ದರಿಂದ, ಹಿಂಗೋಲಿಯ ಕೆಲಸಕ್ಕೆ ಲೋಕವೆಲ್ಲವೂ ಕಾದಿದೆ. ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ಇಂದು ಗಣಿತ ಕಲಿಯುತ್ತಿರುವ ಮಕ್ಕಳಿಗೆ ಆ ಕೆಲಸದ ಸ್ಥಳವು ದೂರದ ದೇಶದಲ್ಲಿಲ್ಲ.