ಮುಚ್ಚಳಿಕೆ ಬರೆಯುವವರು ಯಾರು?

ಬಾಲಾಪರಾಧಿಗಳ ಶಿಕ್ಷೆಗೆ ಮೆಟ್ಟಿಲು ಕಟ್ಟಿದವರು ದಯಾಳುಗಳೆಂದು ನಾವು ಓದಿದ್ದೇವೆ. 1864ರ ಕಾಯಿದೆ ಬೇರೆ ಶಿಕ್ಷೆಯ ಬದಲು ಹುಡುಗರಿಗೆ ಛಡಿಯೇಟು ಕೊಡಿಸಿತು. 1897ರ ರಿಫಾರ್ಮೇಟರಿ ಶಾಲೆಗಳ ಕಾಯಿದೆಯಲ್ಲಿ ಮೆಟ್ಟಿಲು ಹೆಚ್ಚಿದವು. ಬುದ್ಧಿ ಹೇಳಿ ಬಿಡಬಹುದು. ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಬಹುದು. ಇಲ್ಲವೇ ಹದಿನೈದು ತುಂಬದ ಹುಡುಗನನ್ನು 3ರಿಂದ 7 ವರ್ಷ ಶಾಲೆಯೆಂಬ ಸೆರೆಗೆ ತಳ್ಳಬಹುದು. ಮುಚ್ಚಳಿಕೆಗೆ ಜಾಮೀನುದಾರರನ್ನೂ ಕೇಳಬಹುದಿತ್ತು. ಕೂಲಿಯವನ ಮಗನಿಗೆ ಜಾಮೀನು ನಿಲ್ಲೋರು ಯಾರು?

ಅದೇ 1897ರಲ್ಲಿ ಇನ್ನೊಂದು ಕಾಯಿದೆಗೆ ತಿದ್ದುಪಡಿ ಬಂತು. ಸರ್ಕಾರ ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ ಜನರ 4ರಿಂದ 18 ವರ್ಷದ ಮಕ್ಕಳನ್ನು ಹೆತ್ತವರಿಂದ ಕಿತ್ತು ಬೇರೆ ಇಡಬಹುದು! ಕಳವು ಬೇಡ, ವಿಚಾರಣೆ ಬೇಡ, ಹುಟ್ಟಿದ್ದೇ ಸಾಕು. ನಾಲ್ಕು ವರ್ಷದ ಕೂಸು ಕದ್ದದ್ದಾದರೂ ಏನು, ಅವ್ವನ ಹಾಲೇ? ಇವರಿಗೆ ಮೆಟ್ಟಿಲೇ ಇರಲಿಲ್ಲ, ನೇರ ಬೇಲಿಯೊಳಕ್ಕೆ. ಆ ಕಾಯಿದೆಗಳು 1952ರಲ್ಲಿ ರದ್ದಾದವು. ಹುಬ್ಬಳ್ಳಿ, ಗದಗಗಳಲ್ಲಿ ಜನ ಇವತ್ತೂ ‘ಸೆಟ್ಲಮೆಂಟ್’ ಅಂತಲೇ ಕರೀತಾರೆ.

2015ರ ಕಾಯಿದೆಯಲ್ಲಿ ಮೆಟ್ಟಿಲು ಇನ್ನೂ ಇವೆ: ಎಚ್ಚರಿಕೆ, ಸಮಾಲೋಚನೆ, ಸಮುದಾಯ ಸೇವೆ, ದಂಡ, ಕೊನೆಗೆ 3 ವರ್ಷದವರೆಗೆ ವಿಶೇಷ ಗೃಹ. ಘೋರ ಅಪರಾಧದ ಆರೋಪ ಹೊತ್ತ, 16 ತುಂಬಿದವರನ್ನು ದೊಡ್ಡವರಂತೆ ವಿಚಾರಿಸಲೂ ದಾರಿಯಿದೆ. ನಡುವೆ, ಹೆತ್ತವರ ಮುಚ್ಚಳಿಕೆ ಹಾಗೇ ಉಳಿದಿದೆ.